ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರಿನ ನೈಟ್ರೋಜನ್ ಇಳಿಸೋಕೆ ಎಷ್ಟು ಖರ್ಚು? ಅನುಭವ ಇದ್ದವರು ಹೇಳಿ

ಪಣತ್ತೂರಿನಿಂದ:
ನಮ್ಮದು 180 ಮನೆಗಳ ಅಪಾರ್ಟ್‌ಮೆಂಟ್. ಎಸ್‌ಟಿಪಿಯಿಂದ ಹೊರಬರುವ ನೀರಲ್ಲಿ ಒಟ್ಟು ನೈಟ್ರೋಜನ್ ಲೀಟರಿಗೆ 10 ಮಿಲಿಗ್ರಾಂ ಮಿತಿ ದಾಟಿದೆ. ಹೊಸ ಟ್ಯಾಂಕ್ ಕಟ್ಟಬೇಕು ಅನ್ನುತ್ತಾರೆ ಕಂಟ್ರಾಕ್ಟರ್. "ರಾಜಕಾಲುವೆಗೆ ಹೋಗೋ ನೀರಿಗೆ ಯಾಕಪ್ಪಾ ಇಷ್ಟು ದುಡ್ಡು?" ಅಂತ ಮೀಟಿಂಗಿನಲ್ಲಿ ಜಗಳ. ಏನು ಮಾಡಲಿ?

ಹರಳೂರಿನಿಂದ:
ಹೊಸ ಟ್ಯಾಂಕಿಗೆ ಮುಂಚೆ ಬ್ಲೋವರ್ (ನೀರಿಗೆ ಗಾಳಿ ಊದುವ ಯಂತ್ರ) ನೋಡಿ ಸರ್. ನಮ್ಮಲ್ಲಿ ಅದು 24 ಗಂಟೆಯೂ ಓಡುತ್ತಿತ್ತು. ಗಾಳಿ ಕೊಟ್ಟರೆ ಅಮೋನಿಯಾ ಹೋಗಿ ನೈಟ್ರೇಟ್ ಆಗುತ್ತದೆ, ಅಷ್ಟೇ. ನೈಟ್ರೋಜನ್ ನೀರಲ್ಲೇ ಇರುತ್ತದೆ. ಅದು ಅನಿಲವಾಗಿ ಹೊರಗೆ ಹೋಗಬೇಕಾದರೆ ಬ್ಯಾಕ್ಟೀರಿಯಾಗೆ ಸ್ವಲ್ಪ ಹೊತ್ತು ಆಕ್ಸಿಜನ್ ಸಿಗಬಾರದು. ಟೈಮರ್ ಹಾಕಿಸಿ ಬಿಟ್ಟು ಬಿಟ್ಟು ಓಡಿಸಿದೆವು. ಮೊದಲು ಗಬ್ಬು ವಾಸನೆ ಬಂತು, ಕೆಳಗಿನ ಮನೆಯವರು ಬೈದರು. ನಿಲ್ಲಿಸುವ ಹೊತ್ತು ಕಡಿಮೆ ಮಾಡಿದೆವು. ಆಪರೇಟರ್ ದಿನಾ ಮೀಟರ್ ಹಾಕಿ ಆಕ್ಸಿಜನ್ ನೋಡತೊಡಗಿದ. ಆಮೇಲೆ ನೈಟ್ರೋಜನ್ ಇಳಿಯಿತು, ಕರೆಂಟ್ ಬಿಲ್ಲೂ ಇಳಿಯಿತು. ಎಸ್‌ಟಿಪಿಯಲ್ಲಿ ಜಾಸ್ತಿ ಕರೆಂಟ್ ತಿನ್ನೋದೇ ಬ್ಲೋವರ್ ಅಲ್ವಾ? ಟ್ಯಾಂಕೇ ಚಿಕ್ಕದಿದ್ದರೆ ಇದು ಸಾಲದು, ಅದನ್ನೂ ಹೇಳಿಬಿಡುತ್ತೇನೆ.

ವರ್ತೂರಿನಿಂದ:
ಫಾಸ್ಫರಸ್ಸೂ ಟೆಸ್ಟ್ ಮಾಡಿಸಿ. ಕೆರೆಯಲ್ಲಿ ಪಾಚಿ ಬೆಳೆಸೋದು ಹೆಚ್ಚಾಗಿ ಅದೇ, ಸಮುದ್ರದಲ್ಲಿ ಹೆಚ್ಚಾಗಿ ನೈಟ್ರೋಜನ್. ಅದನ್ನು ಇಳಿಸೋಕೆ ನಾವು ಆಲಂ (ಪಟಿಕ) ಹಾಕುತ್ತೇವೆ. ಆಲಂ ರೇಟು ಮಾತ್ರ ಲೆಕ್ಕ ಹಾಕಿ ತಪ್ಪು ಮಾಡಿದೆವು. ಸ್ಲಡ್ಜ್ (ತಳದಲ್ಲಿ ಕೂರುವ ಕೆಸರು) ಜಾಸ್ತಿಯಾಯಿತು, ಅದನ್ನು ಒಣಗಿಸಿ ಸಾಗಿಸುವ ಖರ್ಚು ವರ್ಷಪೂರ್ತಿ ಬರುತ್ತಲೇ ಇದೆ. ಕೊಟೇಶನ್ ಕೇಳುವಾಗ ಅದನ್ನೂ ಬರೆಸಿಕೊಳ್ಳಿ.

ಮಲ್ಪೆಯವಳು, ಈಗ ಬೆಳ್ಳಂದೂರು:
"ಯಾಕೆ ಇಷ್ಟು ದುಡ್ಡು" ಅಂದವರಿಗೆ ನೀರಿನ ದಾರಿ ತೋರಿಸಿ. ಬೆಳ್ಳಂದೂರು ಕೆರೆ, ವರ್ತೂರು ಕೆರೆ, ದಕ್ಷಿಣ ಪಿನಾಕಿನಿ ನದಿ, ಹೊಸೂರು ಹತ್ತಿರ ಕೆಲವರಪಳ್ಳಿ ಅಣೆಕಟ್ಟು, ಕೊನೆಗೆ ಕಡಲೂರು ಹತ್ತಿರ ಬಂಗಾಳ ಕೊಲ್ಲಿ. ನಮ್ಮ ನೊರೆ ಕೆಲವರಪಳ್ಳಿಯಲ್ಲೂ ಎದ್ದಿದೆ. ನೈಟ್ರೋಜನ್ ಗೊಬ್ಬರ ಇದ್ದ ಹಾಗೆ, ಸಮುದ್ರಕ್ಕೆ ಜಾಸ್ತಿಯಾದರೆ ಪಾಚಿ ಉಕ್ಕುತ್ತದೆ. ಅದು ಕೊಳೆಯುವಾಗ ಆಕ್ಸಿಜನ್ ಖಾಲಿಯಾಗಿ ಮೀನು ಸಾಯುತ್ತದೆ. ನಾವು ಉಳಿಸಿದ ದುಡ್ಡು ಬಲೆ ಹಾಕುವವರ ಲೆಕ್ಕದಲ್ಲಿ ನಷ್ಟವಾಗಿ ಬರುತ್ತದೆ. ನಾನು ಮೀನುಗಾರರ ಮನೆಯವಳು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದವರು ಚೆಸಪೀಕ್ ಕೊಲ್ಲಿ ಉಳಿಸಲು 2004ರಲ್ಲಿ ಮನೆಗೆ ತಿಂಗಳಿಗೆ 2.50 ಡಾಲರ್ ಶುಲ್ಕ ಹಾಕಿದರು. ಆ ದುಡ್ಡಲ್ಲಿ ಕೊಳಚೆ ನೀರಿನ ಘಟಕಗಳನ್ನು ಮೇಲ್ದರ್ಜೆಗೆ ಏರಿಸಿದರು. 2012ರಲ್ಲಿ ಅದನ್ನು 5 ಡಾಲರಿಗೆ ಏರಿಸಿದರು. ನೀವೂ ಒಂದೇ ಸಲ ದೊಡ್ಡ ಮೊತ್ತ ಕೇಳಬೇಡಿ, ಮೇಂಟೆನೆನ್ಸಿನಲ್ಲಿ ತಿಂಗಳು ತಿಂಗಳು ಸೇರಿಸಿ. ನಮ್ಮಲ್ಲಿ ಹಾಗೆ ಕೇಳಿದ ಮೇಲೇ ಜನ ಒಪ್ಪಿದ್ದು.

ಕಸವನಹಳ್ಳಿಯಿಂದ:
ಆದಷ್ಟು ನೀರನ್ನು ಫ್ಲಶ್‌ಗೆ, ಗಿಡಗಳಿಗೆ ತಿರುಗಿಸಿ. ನೈಟ್ರೋಜನ್ ಗಿಡಕ್ಕೆ ಗೊಬ್ಬರ ತಾನೇ? ನಮಗೆ ಬೇಸಿಗೆಯಲ್ಲಿ ಟ್ಯಾಂಕರ್ ಕರೆಸೋದು ಕಡಿಮೆಯಾಯಿತು.

ಪಣತ್ತೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಟೈಮರ್ ಹಾಕಿಸುತ್ತೇವೆ, ಟ್ಯಾಂಕಿನ ಮಾತು ಮುಂದಿನ ರಿಪೋರ್ಟ್ ಬಂದ ಮೇಲೆ. ಹರಳೂರಿನವರೇ, ಬ್ಲೋವರ್ ಎಷ್ಟು ನಿಮಿಷ ನಿಲ್ಲಿಸುತ್ತೀರಿ?