ಆರೆಲೆ ಕಳೆದ ಕಟ್ಟು

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಸಾಗರ ಸೀಮೆಯಲ್ಲಿ ಗಂಡಸರಿಗೆ ಎರಡೇ ಕೆಲಸ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಹೊಳವಾಗುತ್ತದೋ ಎಂದು ಆಕಾಶ ನೋಡುವುದು. ಆಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇಸ್ಪೀಟು ಕಲೆಸುವುದು. ಮೊನ್ನೆ ಭಾನುವಾರ ಗಣಪತಿಯಣ್ಣನ ಜಗಲಿಯಲ್ಲಿ ಎರಡನೆಯದು ನಡೆದಿತ್ತು. ಕರೆಂಟು ಹೋಗಿ ಮೂರು ದಿನವಾಗಿತ್ತು. ಆಟ ಇಪ್ಪತ್ತೆಂಟು. ಅವನ ಮನೆಯ ಕಟ್ಟಿನಲ್ಲಿ ಆರು ಎಲೆ ಯಾವತ್ತೋ ಕಳೆದುಹೋಗಿವೆ. ಅದರಲ್ಲೊಂದು ಮೇಜಿನ ಕುಂಟುಕಾಲಿನ ಅಡಿಗಿರುವುದು ಎಲ್ಲರಿಗೂ ಕಾಣುತ್ತದೆ. ಹೋದದ್ದೆಲ್ಲ ಏಳರ ಕೆಳಗಿನ ಎಲೆ, ಇಪ್ಪತ್ತೆಂಟಿಗೆ ಅವು ಬೇಕಾಗಿಲ್ಲ. ಹಾಗಾಗಿ ಹೊಸ ಕಟ್ಟಿಗೆ ದುಡ್ಡು ಬಿಚ್ಚುವ ಪ್ರಮೇಯ ಗಣಪತಿಯಣ್ಣನಿಗೆ ಇನ್ನೂ ಬಂದಿಲ್ಲ.

ಅವತ್ತು ಅವನ ಮುಖದಲ್ಲೇ ಮೋಡ ಕಟ್ಟಿತ್ತು. ಅಂಗಿ ಜೇಬಿನಿಂದ ಪೇಟೆಯ ಲ್ಯಾಬಿನ ಚೀಟಿ ಇಣುಕುತ್ತಿತ್ತು. ಫಾಸ್ಟಿಂಗ್ ಶುಗರ್ 168.

“ಎಂತ ಮಾಡದು ಮಾರಾಯ, ಅಪ್ಪಯ್ಯಂಗೆ ಇತ್ತು, ನಂಗೂ ಬಂತು. ರಕ್ತದಲ್ಲೇ ಬಂದಿದ್ದಕ್ಕೆ ಯಾರೆಂತ ಮಾಡಕ್ಕಾಗತ್ತೆ,” ಎಂದು ಹೇಳಿ, ಮೂರನೇ ಹಲಸಿನಹಣ್ಣಿನ ಕಡುಬಿಗೆ ತುಪ್ಪ ಹಾಕಿಕೊಂಡ. ದುಃಖ ಇತ್ತು, ಆದರೆ ಕಡುಬು ಇಳಿಯುವುದಕ್ಕೆ ಅಡ್ಡಿಯಾಗುವಷ್ಟಲ್ಲ.

ಒಳಗಿನಿಂದ ಶಾರದತ್ತಿಗೆಯ ದನಿ ಬಂತು. “ಮಾವಯ್ಯಂಗೆ ಬಂದಿದ್ದು ಎಪ್ಪತ್ತೆರಡನೇ ವಯಸ್ಸಿಗೆ. ದಿನಾ ನಾಕು ಸಲ ತೋಟಕ್ಕೆ ಇಳಿದು ಹತ್ತುತಿದ್ರು. ನೀವು ಕೊಟ್ಟಿಗೆಗೆ ಹೋಗಕ್ಕೂ ಬೈಕ್ ಹತ್ತೋರು.”

ಚಂದ್ರು ನಕ್ಕ. ಅವನು ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಊರಿಗೆ ಬಂದಾಗಲೂ ಮಾತಾಡುತ್ತ ಮಾತಾಡುತ್ತ ನಮ್ಮ ಮೊಣಕೈ ಒಳಭಾಗವನ್ನೇ ನೋಡುತ್ತಿರುತ್ತಾನೆ. “ಗಣಪಣ್ಣ, ಸಕ್ಕರೆ ಕಾಯಿಲೆಗೆ ಅಂತ ಒಂದೇ ಜೀನ್, ಅಂದ್ರೆ ಒಂದೇ ವಂಶವಾಹಿ, ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಬರೋ ಟೈಪ್ ಟೂ ಇದ್ಯಲ್ಲ, ಅದಕ್ಕೆ ನೂರಾರು ಕಡೆ ಸಣ್ಣ ಸಣ್ಣ ವ್ಯತ್ಯಾಸ ಸೇರ್ಬೇಕು. ಒಂದೊಂದರದ್ದು ಸಾಸಿವೆಯಷ್ಟು ಪಾಲು. ಅಪ್ಪಂಗಿದ್ರೆ ಮಗಂಗೆ ಬರೋ ಸಾಧ್ಯತೆ ಜಾಸ್ತಿ, ಅದು ಹೌದು. ಉಳಿದಿದ್ದು ಹೊಟ್ಟೆ ಸುತ್ತಳತೆ, ಕೂತಲ್ಲೇ ಕೂರೋದು, ಆಮೇಲೆ…” ಎಂದು ತಟ್ಟೆ ನೋಡಿದ. ಗಣಪತಿಯಣ್ಣ ತಟ್ಟೆಯನ್ನು ಕಂಬದ ಮರೆಗೆ ಸರಿಸಿದ.

“ಹಂಗಾದ್ರೆ ಈ ಬೋಳು? ಇದಾದ್ರೂ ಅಪ್ಪಯ್ಯಂದಲ್ದ?”

ಮೇಷ್ಟ್ರು ಇಂಥ ಪ್ರಶ್ನೆಗೇ ಕಾದಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು; ಕೇಳುವವರು ಸಿಕ್ಕರೆ ಕೈಯಲ್ಲಿ ಇಪ್ಪತ್ತೆಂಟರ ದೊಡ್ಡ ಎಲೆ ಗುಲಾಮ ಇದ್ದರೂ ಕೆಳಗಿಡುತ್ತಾರೆ. “ಜೀನ್‌ಗಳನ್ನ ಪೋಣಿಸಿದ ದಾರ ಇದ್ದಂಗೆ ಕ್ರೋಮೋಸೋಮ್. ಗಂಡಸಿಗೆ ಎಕ್ಸ್ ಕ್ರೋಮೋಸೋಮ್ ಸಿಗೋದು ಅಮ್ಮನಿಂದ ಮಾತ್ರ. ಗಂಡು ಹಾರ್ಮೋನಿಗೆ ಓಗೊಡೋ ಜೀನ್ ಇರೋದು ಅದರ ಮೇಲೆ. ಬೋಳುತಲೆಗೆ ದೊಡ್ಡ ಪಾಲು ಅದರದ್ದೇ. ಬೇರೆ ಸಣ್ಣ ಪಾಲುದಾರರು ಸುಮಾರು ಜನ ಇದ್ದಾರೆ, ಅವರು ಅಪ್ಪನ ಕಡೆಯಿಂದಲೂ ಬರ್ತಾರೆ. ನಿನ್ನ ಸೋದರಮಾವಂದಿರ ತಲೆ ಹೆಂಗಿತ್ತು ನೆನಪು ಮಾಡ್ಕ.”

ಗಣಪತಿಯಣ್ಣ ನೆನಪು ಮಾಡಿಕೊಂಡ. ಮೂವರದ್ದೂ ತಾಮ್ರದ ಹಂಡೆ. “ಅಲಾ ಅವರ! ಅಮ್ಮನ ಪಾಲಿಂದು ಎರಡೆಕರೆ ತೋಟ ಕೇಳಿದ್ರೆ ಕೋರ್ಟಿಗೆ ಹೋದ್ರು. ಇದೊಂದನ್ನ ತಕರಾರಿಲ್ದೆ ಬಿಟ್ಟುಕೊಟ್ರು ನೋಡಾ.”

ಮೇಷ್ಟ್ರು ಕಟ್ಟನ್ನು ಪೂರ್ತಿ ತರಿಸಿ ಎಣಿಸಿದರು. “ಐವತ್ತೆರಡರಲ್ಲಿ ಆರು ಹೋಗಿ ಎಷ್ಟು? 46. ಮನುಷ್ಯನ ಒಂದು ಜೀವಕೋಶದಲ್ಲಿರೋ ಕ್ರೋಮೋಸೋಮೂ ಅಷ್ಟೇ, 46!” ಈ ಪಾಠಕ್ಕಾಗಿಯೇ ತಾವು ಎಲೆ ಕಳೆದಿಟ್ಟವರಂತೆ ಅವರಿಗೆ ಖುಷಿ. “ಇವು 23 ಜೊತೆ. ಪ್ರತಿ ಜೊತೆಯಲ್ಲಿ ಒಂದು ಅಪ್ಪಂದು, ಒಂದು ಅಮ್ಮಂದು. ನೀನು ಮಗನಿಗೆ ಕೊಡುವಾಗ ಜೊತೆಗೊಂದೇ ಕೊಡಬಹುದು. ಯಾವುದು ಅಂತ ಆರಿಸೋ ಹಕ್ಕು ನಿಂಗಿಲ್ಲ. 23 ಎರಡನ್ನ ಒಂದಕ್ಕೊಂದು ಗುಣಿಸು, 83,88,608 ನಮೂನೆ ಕೈ ಬರತ್ತೆ. ಅದೂ ಒಬ್ಬನೇ ಅಪ್ಪನಿಂದ.”

“ಹಂಚೋಕೆ ಮುಂಚೆ ಜೊತೆ ಎಲೆಗಳು ತುಂಡು ತುಂಡು ಬದಲಾಯಿಸಿಕೊಳ್ತವೆ ಬೇರೆ,” ಎಂದ ಚಂದ್ರು. “ಅರ್ಧ ರಾಣಿ, ಅರ್ಧ ರಾಜ ಇರೋ ಎಲೆ ಬಂದ್ರೂ ಬಂತು.”

“ಅದನ್ನ ಇಪ್ಪತ್ತೆಂಟರಲ್ಲಿ ಆಡಿದ್ರೆ ಕಳ್ಳಾಟ ಅಂತಾರೆ,” ಎಂದೆ ನಾನು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಶಾರದತ್ತಿಗೆ ಅನುಮಾನ ಎತ್ತಿದಳು. “ಗಂಡೋ ಹೆಣ್ಣೋ ಅನ್ನೋದು ಯಾರ ಎಲೆ ಮೇಲೆ ಮೇಷ್ಟ್ರೆ?”

“ಗಂಡಸಿಂದು ಅಮ್ಮಾ. ಹೆಂಗಸಿನ ಹತ್ರ ಇರೋದು ಎರಡೂ ಎಕ್ಸು. ವೈ ಇರೋದು ಅಪ್ಪನ ಹತ್ರ ಮಾತ್ರ.”

“ಎರಡನೇದೂ ಹೆಣ್ಣಾದಾಗ ಅತ್ತೆಮ್ಮ ಮೂರು ತಿಂಗಳು ನನ್ನತ್ರ ಮಾತು ಬಿಟ್ಟಿದ್ರು. ಬಿಡೋದಾದ್ರೆ ಮಗನ ಹತ್ರ ಬಿಡಬೇಕಿತ್ತು ಹಂಗಾದ್ರೆ.” ಹೇಳಿದವಳೇ ಕಂಬದ ಮರೆಯಲ್ಲಿದ್ದ ತಟ್ಟೆ ಹುಡುಕಿ ತೆಗೆದುಕೊಂಡು ಹೋದಳು. ಮೂವತ್ತು ವರ್ಷದ ಬಾಕಿಗೆ ಎರಡು ಕಡುಬು ಜಪ್ತಿ.

ಎಲೆಯ ಲೆಕ್ಕ ಗಣಪತಿಯಣ್ಣನ ತಲೆಗೆ ಪೂರ್ತಿ ಇಳಿಯಲಿಲ್ಲ. ಇಳಿಸಿದ್ದು ಅಡಿಕೆ. ಮೇಷ್ಟ್ರು ಕೇಳಿದರು: “ಬೀಜಕ್ಕೆ ಅಡಿಕೆ ಹೆಂಗೆ ಆರಿಸ್ತೀಯ?”

“ಒಳ್ಳೆ ಫಸಲು ಕೊಡೋ, ನಡುವಯಸ್ಸಿನ ತಾಯಿಮರ ನೋಡಿ.”

“ಸರಿ. ಅಪ್ಪ ಯಾರು?”

ಗಣಪತಿಯಣ್ಣ ಬಾಯಿ ತೆರೆದವನು ಹಾಗೇ ಕೂತ. ನಲವತ್ತು ವರ್ಷ ತೋಟ ಮಾಡಿದ್ದಾನೆ, ಈ ಪ್ರಶ್ನೆ ಅವನನ್ನು ಯಾರೂ ಕೇಳಿರಲಿಲ್ಲ. ಸಿಂಗಾರ ಒಡೆದಾಗ ಗಂಡು ಹೂವು ಮೊದಲು ಅರಳಿ ಉದುರುತ್ತವೆ, ಹೆಣ್ಣು ಹೂವು ಅರಳುವುದು ಆಮೇಲೆ. ಹಾಗಾಗಿ ಪರಾಗ ಬಹುಪಾಲು ಬೇರೆ ಮರದಿಂದ ಬರಬೇಕು, ತರುವುದು ಗಾಳಿ. ಪಕ್ಕದ ತೋಟದ ಬಡಕಲು ಮರವೇ ಅಪ್ಪನಾಗಿರಬಹುದು. “ಅದಕ್ಕೇ ಒಂದೇ ಮರದ ಬೀಜ ಹಾಕಿದ್ರೂ ಹತ್ತು ಗಿಡ ಹತ್ತು ನಮೂನೆ. ನಿನ್ನ ಪಣಿಯೂರು ಮೆಣಸು ಹಂಗಲ್ಲ. ಬಳ್ಳಿ ತುಂಡು ಮಾಡಿ ನೆಟ್ಟಿದ್ದು, ಜೆರಾಕ್ಸ್ ಇದ್ದಂಗೆ.”

“ಪಕ್ಕದ ತೋಟ ಅಂದ್ರೆ ನಮ್ಮ ದಾಯಾದಿ ತೋಟ ಮಾರ್ರೆ!” ಗಣಪತಿಯಣ್ಣನಿಗೆ ನಿಜವಾದ ಸಂಕಟ ಶುರುವಾಗಿದ್ದು ಇಲ್ಲಿ. ಬೇಲಿ ತಂಟೆಗೆ ಸರ್ವೆ ಮಾಡಿಸಿದ್ದಾನೆ. ಗಾಳಿಗೆ ಯಾವ ಸರ್ವೆ?

ಮೆಂಡೆಲನ ಕಥೆಯೂ ಬಂತು. ಈಗಿನ ಚೆಕ್ ದೇಶದ ಬರ್ನೋ ಊರಿನ ಮಠದಲ್ಲಿದ್ದ ಸನ್ಯಾಸಿ, 1856ರಿಂದ ಎಂಟು ವರ್ಷ ಬಟಾಣಿ ಬೆಳೆದು ಎಣಿಸಿದ. ಗುಂಡು ಬಟಾಣಿಗೂ ಸುಕ್ಕು ಬಟಾಣಿಗೂ ಸಂಬಂಧ ಮಾಡಿಸಿದರೆ ಮೊದಲ ತಲೆಮಾರು ಎಲ್ಲವೂ ಗುಂಡು, ಸುಕ್ಕಿನ ಸುಳಿವೇ ಇಲ್ಲ. ಅದರ ಮುಂದಿನ ತಲೆಮಾರಿನಲ್ಲಿ 5,474 ಗುಂಡು, 1,850 ಸುಕ್ಕು. ಹೆಚ್ಚು ಕಡಿಮೆ ಮೂರಕ್ಕೆ ಒಂದು. ಅಜ್ಜಿಯ ಗುಣವೊಂದು ಮಗಳಲ್ಲಿ ಕಾಣದೆ ಮೊಮ್ಮಗಳಲ್ಲಿ ಕಾಣಿಸಬಹುದಾದ ಸಮಾಚಾರ ಇದೇ. 1865ರಲ್ಲಿ ಓದಿ ಹೇಳಿದ, ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 1884ರಲ್ಲಿ ಸತ್ತ. ಜಗತ್ತಿಗೆ ಅರ್ಥವಾಗಿದ್ದು 1900ರಲ್ಲಿ.

“ಪುಣ್ಯಾತ್ಮ ಬಟಾಣಿ ಹಿಡ್ಕಂಡ, ಬಚಾವಾದ,” ಎಂದ ಗಣಪತಿಯಣ್ಣ. “ಅಡಿಕೆ ಹಿಡಿದಿದ್ರೆ ಮೊದಲನೇ ಸಿಂಗಾರ ನೋಡಕ್ಕೇ ಐದಾರು ವರ್ಷ. ಮೂರನೇ ತಲೆಮಾರು ಎಣಿಸಕ್ಕೆ ಅವನ ತಿಥಿ ಮಾಡೋರೇ ಬರಬೇಕಿತ್ತು.”

ಇಷ್ಟಕ್ಕೇ ನಿಂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಾನೇ ಹಾಳುಮಾಡಿದೆ. ನಾಲಿಗೆಯನ್ನು ದೊನ್ನೆಯ ಹಾಗೆ ಮಡಚುವುದು ವಂಶದಿಂದ ಬರುತ್ತದೆ ಎಂದು ಎಲ್ಲೋ ಓದಿದ್ದೆ, ಹೇಳಿಬಿಟ್ಟೆ. “1940ರಲ್ಲಿ ಸ್ಟರ್ಟೆವಂಟ್ ಅನ್ನೋ ದೊಡ್ಡ ವಿಜ್ಞಾನಿ ಹಂಗಂದ,” ಎಂದರು ಮೇಷ್ಟ್ರು. “1952ರಲ್ಲಿ ಅವಳಿಜವಳಿಗಳನ್ನ ನೋಡಿದ್ರು. ಒಂದೇ ಅಂಡ ಒಡೆದು ಹುಟ್ಟಿದ ತದ್ರೂಪಿಗಳಲ್ಲೂ ಒಬ್ಬ ಮಡಚ್ತಾನೆ, ಇನ್ನೊಬ್ಬಂಗಾಗಲ್ಲ. ಅದೊಂದು ಜೀನಿನ ಆಟ ಅಲ್ಲ ಅಂತಾಯ್ತು.” ಆದರೆ ಅಷ್ಟರಲ್ಲಿ ಎಲ್ಲರೂ ಪ್ರಯತ್ನಕ್ಕೆ ಇಳಿದಿದ್ದರು, ಮೇಷ್ಟ್ರೂ ಸೇರಿ. ಕವಳ ಹಾಕಿ ಕೆಂಪಾದ ನಾಲಿಗೆ ಹೊರಚಾಚಿ, ಕಣ್ಣು ಮೂಗಿನ ತುದಿಗೆ ನೆಟ್ಟು, ನಾಲ್ಕು ಜನ.

ಮೆಟ್ಟಿಲ ಹತ್ತಿರ ಕೊಡೆ ಮಡಚುವ ಸದ್ದಾಯಿತು.

ಗಣಪತಿಯಣ್ಣನ ಮಗನಿಗೆ ಜಾತಕ ತಂದವರು. ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿ ಎರಡು ವರ್ಷ. ಅಂಥವನಿಗೆ ಹೆಣ್ಣಿನ ಕಡೆಯವರು ತಾವಾಗಿ, ಅದೂ ಇಂಥ ಮಳೆಯಲ್ಲಿ ಬರುವುದೆಂದರೆ ಈಗಿನ ಮಲೆನಾಡಿನಲ್ಲಿ ಪವಾಡ. ಪವಾಡಪುರುಷರು ನಾಲ್ಕು ಕೆಂಪು ನಾಲಿಗೆಗಳನ್ನು ಒಂದೊಂದಾಗಿ ನೋಡಿದರು. “ಮನೇಲಿ ಎಲ್ಲರೂ ಆರೋಗ್ಯವಾಗಿದ್ದೀರಲ್ದ?”

“ವಂಶವಾಹಿ ಪರೀಕ್ಷೆ ಮಾಡ್ತಿದ್ವಿ,” ಎಂದರು ಮೇಷ್ಟ್ರು ಗಂಭೀರವಾಗಿ. ಅವರೂ ಕೂತು, ಕವಳದ ತಟ್ಟೆ ಎಳೆದುಕೊಂಡು, ನಾಲಿಗೆ ಮಡಚಿ ತೋರಿಸಿದರು. ಸೊಗಸಾದ ದೊನ್ನೆ! ಆಮೇಲೆ ಗೋತ್ರ ಕೇಳಿದರು. ಇಬ್ಬರದ್ದೂ ಬೇರೆ, ಅವರಿಗೆ ಸಮಾಧಾನ.

ಮೇಷ್ಟ್ರಿಗೆ ಸುಮ್ಮನಿರಲಾಗಲಿಲ್ಲ. “ಗೋತ್ರ ಅಪ್ಪ, ಅಪ್ಪನ ಅಪ್ಪ ಹೀಗೆ ಒಂದೇ ಗೆರೆ ಹಿಡಿದು ಹೋಗತ್ತೆ, ವೈ ಕ್ರೋಮೋಸೋಮಿನ ಹಾಗೆ. ಉಳಿದ 45 ಎಲೆಗೆ ಗೋತ್ರ ಗೊತ್ತಿಲ್ಲ. ಸೋದರಮಾವನ ಮಗಳು ಗೋತ್ರದ ಲೆಕ್ಕದಲ್ಲಿ ಹೊರಗಿನವಳು, ಜೀನಿನ ಲೆಕ್ಕದಲ್ಲಿ ಎಂಟರಲ್ಲೊಂದು ಪಾಲು ನಮ್ಮದೇ. ಅಕ್ಕನ ಮಗಳಾದ್ರೆ ನಾಲ್ಕರಲ್ಲೊಂದು.”

“ಆದ್ರೆ ಎಂತಾಯ್ತು?” ಎಂದರು ಬಂದವರು.

“ಮುಚ್ಚಿಟ್ಟ ತುರುಫು ಗೊತ್ತಲ್ಲ? ಕವುಚಿ ಇಟ್ಟಿರ್ತಾನೆ, ಎದುರಿನವರಿಗೆ ಕಾಣಲ್ಲ. ಹಂಗೇ ಕೆಟ್ಟ ಜೀನ್ ಒಂದು ಎಲ್ಲರಲ್ಲೂ ಎಲ್ಲಾದ್ರೂ ಕವುಚಿ ಬಿದ್ದಿರತ್ತೆ. ಜೊತೆಯದ್ದು ಸರಿ ಇದ್ರೆ ಏನೂ ಆಗಲ್ಲ. ಅಂಥದ್ದೇ ಇನ್ನೊಂದು ಸಿಕ್ಕಿದ್ರೆ ಮಗುವಿಗೆ ಕಷ್ಟ. ಸಂಬಂಧದೊಳಗೆ ಮದುವೆಯಾದ್ರೆ ಸಿಗೋ ಸಂಭವ ಜಾಸ್ತಿ.”

“ಥಲಸ್ಸೇಮಿಯಾ ಅಂತ ರಕ್ತದ ಕಾಯಿಲೆ ಇದ್ಯಲ್ಲ, ಅದೂ ಹಿಂಗೇ,” ಎಂದ ಚಂದ್ರು. “ಅಪ್ಪ ಅಮ್ಮ ಇಬ್ಬರೂ ಗಟ್ಟಿಮುಟ್ಟು. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ರೆ, ಹುಟ್ಟೋ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಜಾತಕದಲ್ಲಿ ನಾಡಿದೋಷ ನೋಡ್ತೀರಿ, ಜೊತೆಗೆ ಹಿಮೋಗ್ಲೋಬಿನ್ ಎ2 ಅಂತ ಒಂದು ರಕ್ತಪರೀಕ್ಷೆ ಮಾಡಿಸಿ. ನಾನೇ ಬಂದು ರಕ್ತ ತಗೀತೀನಿ.” ಅವನ ಕಣ್ಣು ಆಗಲೇ ಬಂದವರ ಮೊಣಕೈ ಮೇಲಿತ್ತು.

“ನಮ್ಮ ಹಂದಿಗೋಡಿಂದೂ ಇಂಥದ್ದೇ ಅಲ್ದ?” ಎಂದರು ಅವರು.

ಮೇಷ್ಟ್ರು ಕೂಡಲೇ ಉತ್ತರ ಕೊಡಲಿಲ್ಲ. ಅವರು ಮಾತಿಗೆ ತಡವರಿಸಿದ್ದನ್ನು ನಾನು ನೋಡಿದ್ದು ಕಡಿಮೆ. ಹಂದಿಗೋಡು ಸಾಗರಕ್ಕೆ ಅಂಟಿದ ಹಾಗೇ ಇರುವ ಊರು. 1974–75ರ ಹೊತ್ತಿಗೆ ಅಲ್ಲಿ ಬಡ ಕೂಲಿಗಳ ಮನೆಗಳಲ್ಲಿ ಸೊಂಟ, ಮಂಡಿ ಹಿಡಿದು, ಕೀಲು ಸವೆದು, ಮಕ್ಕಳು ಎತ್ತರ ಬೆಳೆಯದೆ, ಕೆಲವರು ಕೈಯೂರಿ ತೆವಳುವಂತಾಗಿದ್ದು ಬೆಳಕಿಗೆ ಬಂತು. ಮೊದಲು ಬೆರಳು ತೋರಿಸಿದ್ದು ಗದ್ದೆಯ ಏಡಿಯ ಕಡೆ. ಗದ್ದೆಗೆ ಕೀಟನಾಶಕ ಹೊಡೆದಿದ್ದರು, ಅಲ್ಲಿಯ ಏಡಿ, ಮೀನು ಇವರ ಊಟ. ವಿಷ ಏರಿರಬೇಕು ಎಂಬ ಊಹೆ. ನಮ್ಮೂರಿನ ಜಗಲಿಗಳಲ್ಲಿ ಶಾಪ ಎಂದವರೂ ಇದ್ದರು.

“ಮಂಗನ ಕಾಯಿಲೆ ಹಂಗೆ ಅಂಟತ್ತೆ ಅಂತಿದ್ರು ಆಗ,” ಎಂದ ಗಣಪತಿಯಣ್ಣ.

“ಅದು ಸೊರಬದ ಕ್ಯಾಸನೂರು ಕಾಡಿಂದು, 1957ರಲ್ಲಿ ಸಿಕ್ಕಿದ್ದು. ವೈರಸ್, ಉಣುಗು ಕಚ್ಚಿ ಬರೋದು. ಹಂದಿಗೋಡಿಂದು ಯಾರಿಗೂ ಅಂಟಲ್ಲ,” ಎಂದರು ಮೇಷ್ಟ್ರು. “ಮನೆತನಗಳ ವಂಶಾವಳಿ ಬರೆದು ನೋಡಿದಾಗ ತಲೆಮಾರಿಂದ ತಲೆಮಾರಿಗೆ ಇಳಿದಿದ್ದು ಕಾಣ್ತು. ಇದಕ್ಕೆ ಎರಡು ಎಲೆ ಸೇರೋದೂ ಬೇಡ, ಒಂದೇ ಸಾಕು. ಅಪ್ಪನೋ ಅಮ್ಮನೋ ಒಬ್ಬರಿಗಿದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಕಾಸು ಚಿಮ್ಮಿದ ಹಾಗೆ.” ಗಣಪತಿಯಣ್ಣನ ಕಡೆ ತಿರುಗಿದರು. “ರಕ್ತದಲ್ಲಿ ಬಂದಿದ್ದು ಅಂದ್ರೆ ಅದು ಮಾರಾಯ. ಆ ಮಕ್ಕಳು ಯಾರೂ ಮೂರನೇ ಕಡುಬು ತಿಂದೋರಲ್ಲ.”

ಮಳೆ ಹೆಂಚಿನ ಮೇಲೆ ಬೀಳುವುದು ಸ್ವಲ್ಪ ಹೊತ್ತು ಜೋರಾಗಿ ಕೇಳಿತು. ಗಣಪತಿಯಣ್ಣ ಜೇಬಿನ ಚೀಟಿ ತೆಗೆದು ಚಂದ್ರುವಿನ ಮುಂದಿಟ್ಟ. “ಔಷಧಿ ಶುರು ಮಾಡ್ಬೇಕನ ನೋಡಾ. ಸಂಜೆ ನಡಿಯಕ್ಕೂ ಹೋಗ್ತಿ.”

ಚಂದ್ರು ಚೀಟಿಯನ್ನು ಬೆಳಕಿಗೆ ಹಿಡಿದ. ಹುಬ್ಬು ಗಂಟಾಯಿತು. “ರಕ್ತ ಕೊಟ್ಟಿದ್ದು ಹತ್ತೂವರೆಗೆ. ಬೆಳಿಗ್ಗಿಂದ ಏನೂ ತಿಂದಿರಲಿಲ್ಲ ತಾನೇ?”

“ಛೆ ಛೆ, ಉಪವಾಸ ಅಂದಮೇಲೆ ಉಪವಾಸ. ಅಗಳು ಅನ್ನ ಮುಟ್ಟಿಲ್ಲ.”

“ಬೇರೆ?”

“ಒಂದು ಬಟ್ಟಲು ಮೊಸರವಲಕ್ಕಿ. ಎರಡು ಬಾಳೆಹಣ್ಣು. ಒಂದು ಲೋಟ ಬೆಲ್ಲದ ಕಷಾಯ. ಅಷ್ಟೇಯ.”

ಚಂದ್ರು ಎಲೆ ಕೆಳಗಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ನಾಳೆ ಬೆಳಿಗ್ಗೆ ನೀರು ಬಿಟ್ಟು ಏನನ್ನೂ ಬಾಯಿಗಿಡದೆ ಮತ್ತೆ ರಕ್ತ ಕೊಡಬೇಕು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯನ್ನೂ ಮಾಡಿಸಬೇಕು ಎಂದ. ಜಾತಕ ತಂದವರು ಇದನ್ನೆಲ್ಲ ಬಹಳ ಆಸಕ್ತಿಯಿಂದ ಕೇಳಿಸಿಕೊಂಡರು.

ಶಾರದತ್ತಿಗೆ ಅವರಿಗೆ ಕಡುಬು ತಂದಿಡುತ್ತ ಹೇಳಿದಳು: “ಇದೊಂದು ಮಾತ್ರ ನೂರಕ್ಕೆ ನೂರು ಮಾವಯ್ಯನಿಂದಲೇ ಬಂದಿದ್ದು. ಏಕಾದಶಿ ದಿನ ಅವರ ಉಪವಾಸಕ್ಕೆ ನಾನೇ ಒಂದು ಸೇರು ಅವಲಕ್ಕಿ ನೆನೆಸ್ತಿದ್ದೆ.”