ಪದಚರ್ಚೆ: ಕಲಾವಿದರ ‘ರೆಸಿಡೆನ್ಸಿ’ಗೆ ‘ಬಿಡಾರ’ ಎಂದರೆ ಆದೀತೇ?

ಎಲ್ಲರಿಗೂ ನಮಸ್ಕಾರ.

ಹದಿನೈದು ದಿನದಿಂದ ಒಂದು ಪದ ಕಾಡುತ್ತಿದೆ. ಪ್ರಕಟಣೆಯೊಂದನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡಿದ್ದೇನೆ. ಹಳೆಯ ಕೋಟೆಯೊಂದರ ಆವರಣದಲ್ಲಿ ಬೇರೆ ಬೇರೆ ದೇಶಗಳ ಆರು ಮಂದಿ ಕಲಾವಿದರು ಎಂಟು ವಾರ ಉಳಿಯುತ್ತಾರೆ. ಅಲ್ಲಿನ ಕಲ್ಲು, ನೀರು, ಮಾತು, ಜನ ಎಲ್ಲದರ ಜೊತೆ ಒಡನಾಡಿ ಏನಾದರೂ ಮಾಡುತ್ತಾರೆ, ಮಾಡದೆಯೂ ಹೋಗಬಹುದು. ಮೂಲದಲ್ಲಿ ಇದಕ್ಕೆ ‘ಆರ್ಟಿಸ್ಟ್ ರೆಸಿಡೆನ್ಸಿ’ ಎಂದಿದೆ. ಒಳಗಿನ ನಾಲ್ಕು ಪುಟ ಎರಡು ದಿನದಲ್ಲಿ ಮುಗಿದವು, ಶೀರ್ಷಿಕೆಯ ಜಾಗ ಮಾತ್ರ ಇನ್ನೂ ಖಾಲಿ.

ರೆಸಿಡೆನ್ಸಿ ಎಂದೇ ಇಡಬಹುದಿತ್ತು. ಆದರೆ ಕನ್ನಡದ ಕಿವಿಗೆ ರೆಸಿಡೆನ್ಸಿ ಎಂದೊಡನೆ ಲಾಡ್ಜಿನ ಫಲಕ ಕಾಣಿಸುತ್ತದೆ, ಇಲ್ಲವೇ ಬಹುಮಹಡಿ ಕಟ್ಟಡ. ಚರಿತ್ರೆ ಓದಿದವರಿಗೆ ಬ್ರಿಟಿಷ್ ರೆಸಿಡೆಂಟನ ಬಂಗಲೆ. ರಾಜರ ಪಕ್ಕದಲ್ಲೇ ಮನೆ ಮಾಡಿಕೊಂಡು ಅವರ ಮೇಲೆ ಕಣ್ಣಿಟ್ಟಿದ್ದವನ ಮನೆಯ ಹೆಸರನ್ನು ಕೋಟೆಯೊಳಗಿನ ಕಾರ್ಯಕ್ರಮಕ್ಕೆ ಅಂಟಿಸಲು ಕೈ ಬರುತ್ತಿಲ್ಲ.

ಮೊದಲು ಹೊಳೆದದ್ದು ‘ವಾಸ್ತವ್ಯ’. ಪದವೇನೋ ಘನವಾಗಿದೆ. ಸಂಸ್ಕೃತದ ತಾಮ್ರಶಾಸನಗಳಲ್ಲಿ ದಾನ ಪಡೆದವನನ್ನು ಇಂಥ ಊರಿನ ‘ವಾಸ್ತವ್ಯ’ ಎಂದು ಕರೆದಿರುವುದುಂಟು. ಅಲ್ಲಿ ಅದು ಇರುವವನ ಹೆಸರು, ಕನ್ನಡಕ್ಕೆ ಬರುವಷ್ಟರಲ್ಲಿ ಇರುವ ಕ್ರಿಯೆಯ ಹೆಸರಾಯಿತು. ತೊಡಕು ಬೇರೆ ಕಡೆ ಇದೆ. 2006ರಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಹಳ್ಳಿಗಳಲ್ಲಿ ರಾತ್ರಿ ತಂಗತೊಡಗಿದ ಮೇಲೆ ‘ಗ್ರಾಮ ವಾಸ್ತವ್ಯ’ ಎಂಬ ಜೋಡಿಪದ ಪತ್ರಿಕೆಗಳಲ್ಲಿ ಬೇರು ಬಿಟ್ಟಿತು. ಈಗ ವಾಸ್ತವ್ಯ ಎಂದರೆ ಒಂದು ರಾತ್ರಿಯ ತಂಗು, ಅಹವಾಲು, ಬೆಳಿಗ್ಗೆ ಕಾರು ಹತ್ತುವುದು. ‘ಕಲಾವಿದರ ವಾಸ್ತವ್ಯ’ ಎಂದು ಓದಿದ ಗೆಳೆಯರೊಬ್ಬರು “ಯಾವ ಇಲಾಖೆಯದು?” ಎಂದು ಕೇಳಿದರು. ಇನ್ನೊಬ್ಬರು ಅದನ್ನು ‘ವಾಸ್ತವ’ ಎಂದೇ ಓದಿ, ಕಲಾವಿದರ ಕಷ್ಟಸುಖದ ವರದಿ ಇರಬೇಕೆಂದು ಭಾವಿಸಿದರು.

‘ನಿವಾಸಿ ಕಲಾವಿದ’ ಎಂಬ ಸಲಹೆಯೂ ಬಂತು. ಅದನ್ನು ಒಪ್ಪಿದರೆ ಹೊರದೇಶದಲ್ಲಿ ನೆಲೆಸಿದ ಕನ್ನಡಿಗರೊಬ್ಬರು ಆಯ್ಕೆಯಾದಾಗ ‘ಅನಿವಾಸಿ ನಿವಾಸಿ ಕಲಾವಿದ’ ಎಂದು ಬರೆಯಬೇಕಾಗುತ್ತದೆ. ‘ಆಸ್ಥಾನ ಕಲಾವಿದ’ ಎಂದವರಿಗೆ ಕೈಮುಗಿದೆ. ಶಿಬಿರ, ಕಮ್ಮಟಗಳಲ್ಲಿ ಕಲಿಸುವವರು, ವೇಳಾಪಟ್ಟಿ, ಗಂಟೆ ಎಲ್ಲ ಇರುತ್ತವೆ. ಇಲ್ಲಿ ಅವೊಂದೂ ಇಲ್ಲ.

ಹಿರಿಯರೊಬ್ಬರು ಸೂಚಿಸಿದ ‘ನೆಲೆವೀಡು’ ಮಾತ್ರ ಎರಡು ದಿನ ತಲೆಯಲ್ಲಿ ಉಳಿಯಿತು. ಶಾಸನ ಓದುವವರಿಗೆ ಇದು ಹಳೆಯ ನಂಟು. ಇಂಥ ರಾಜನು ಇಂಥ ‘ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಿರೆ’ ಎಂಬ ಸಾಲು ಚಾಲುಕ್ಯ, ಹೊಯ್ಸಳ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನೆಲೆ ಮತ್ತು ಬೀಡು ಸೇರಿ, ಬಕಾರವು ವಕಾರವಾಗಿ, ನೆಲೆವೀಡು. ಬೀಡು ಎಂದರೆ ದಂಡು ಇಳಿದ ಜಾಗ. ಅದು ನೆಲೆಗೊಂಡರೆ ನೆಲೆವೀಡು, ಅಂದರೆ ರಾಜಧಾನಿ. ನಮಗೆ ಬೇಕಾದದ್ದು ಇದರ ತದ್ವಿರುದ್ಧ. ಎಂಟು ವಾರಕ್ಕೆ ಬಂದವರು ಅಲ್ಲಿ ನೆಲೆಗೊಳ್ಳಬಾರದು, ಹಿಂದಿರುಗಬೇಕು. ಸುಖಸಂಕಥಾವಿನೋದವಂತೂ ಎಷ್ಟಿದ್ದರೂ ಆಗಬಹುದು.

ಬೇರೆ ಭಾಷೆಗಳವರು ಏನು ಮಾಡಿದ್ದಾರೆಂದು ಸ್ವಲ್ಪ ನೋಡಿದೆ. ರೋಮ್‌ನಲ್ಲಿರುವ ಫ್ರೆಂಚ್ ಅಕಾಡೆಮಿ 1666ರಲ್ಲಿ ಹುಟ್ಟಿದ್ದು. 1803ರಿಂದ ವಿಲ್ಲಾ ಮೆದಿಚಿ ಎಂಬ ಹದಿನಾರನೆಯ ಶತಮಾನದ ಅರಮನೆಯಲ್ಲಿದೆ. ಅಲ್ಲಿರುವ ಕಲಾವಿದರಿಗೆ ಇಂದಿಗೂ ‘ಪಾನ್ಸಿಯೊನೇರ್’ ಎಂದೇ ಹೆಸರು. ಊಟ ವಸತಿ ಕೊಟ್ಟು ಇಟ್ಟುಕೊಂಡವರು ಎಂದರ್ಥ. ಜರ್ಮನರು ಬಹುಮಟ್ಟಿಗೆ ‘ಸ್ಟಿಪೆಂಡಿಯಾಟ್’ ಎನ್ನುತ್ತಾರೆ, ವೇತನ ಪಡೆಯುವವರು. ಒಬ್ಬರಿಗೆ ಊಟದ ಎಲೆ ಮುಖ್ಯ, ಇನ್ನೊಬ್ಬರಿಗೆ ಹಣ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1907ರಲ್ಲಿ ಆರಂಭವಾದ ಮ್ಯಾಕ್‌ಡೊವೆಲ್ ಕಲಾವಿದರ ಕೇಂದ್ರದ ಹೆಸರಿನಲ್ಲಿ ‘ಕಾಲನಿ’ ಎಂಬ ಪದವಿತ್ತು. 2020ರಲ್ಲಿ ಅದನ್ನು ಕಿತ್ತುಹಾಕಿದರು. ವಸಾಹತಿನ ನೆನಪು ಹೊತ್ತ ಪದ ಬೇಡವಾಯಿತು. ಹೆಸರು ಬದಲಿಸಲು ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು ಎಂಬುದನ್ನು ನನ್ನನ್ನು ಅವಸರಪಡಿಸುತ್ತಿರುವವರಿಗೆ ತಿಳಿಸಬೇಕೆಂದಿದ್ದೇನೆ.

ಇನ್ನು ‘ಬಿಡಾರ’ ನನಗೆ ಸಿಕ್ಕಿದ ಬಗೆ. ಇಂಥದೇ ಕಾರ್ಯಕ್ರಮದ ಹಿಂದಿನ ಸುತ್ತನ್ನು ನೋಡಲು ಒಂದು ದಿನ ಹೋಗಿದ್ದೆ. ಹೊರನಾಡಿನ ಕಲಾವಿದೆಯೊಬ್ಬರು ಅನುಮತಿ ಪಡೆದು ಒಂದು ಬಾಗಿಲಿನ ಹೊಸ್ತಿಲ ಮುಂದೆ ಕುಳಿತಿದ್ದರು. ತಲೆಮಾರುಗಳ ಕಾಲು ಬಿದ್ದು ಹೊಸ್ತಿಲ ಕಲ್ಲು ನಡುವೆ ತಟ್ಟೆಯಂತೆ ತಗ್ಗಾಗಿತ್ತು. ಅವರು ದಪ್ಪ ಕಾಗದವನ್ನು ನೀರಿನಲ್ಲಿ ನೆನೆಸಿ ಆ ತಗ್ಗಿನ ಮೇಲೆ ಹಾಸಿ ಮೆತ್ತನೆಯ ಬ್ರಷ್ಷಿನಿಂದ ತಟ್ಟಿ ತಟ್ಟಿ ಕೂರಿಸುತ್ತಿದ್ದರು. ಒಣಗಿದ ಮೇಲೆ ಅಂಚು ಹಿಡಿದು ಎತ್ತಿದರೆ ಕಾಗದ ತಗ್ಗಿನ ಆಕಾರವನ್ನೇ ಹೊತ್ತು ಬಂತು, ಒಂದು ಬೋಗುಣಿಯಂತೆ. ಶಾಸನ ತಜ್ಞರ ಪಡಿಯಚ್ಚಿನ ಕೆಲಸವೇ. ಅಕ್ಷರದ ಬದಲು ಇಲ್ಲಿ ಸವೆತದ ಅಚ್ಚು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಕಾವಲುಗಾರ ನನ್ನ ಕಡೆ ತಿರುಗಿ, “ಈ ಅಮ್ಮನವರ ಬಿಡಾರ ಇನ್ನೆಷ್ಟು ದಿನ?” ಎಂದು ಕೇಳಿದ. ನಾಲ್ಕು ಪುಟದ ಪ್ರಕಟಣೆ ಹೇಳಲು ಒದ್ದಾಡುತ್ತಿದ್ದುದನ್ನು ಆತ ಒಂದೇ ಪದದಲ್ಲಿ ಮುಗಿಸಿದ್ದ.

ಬಿಡಾರದ ಬೇರು ‘ಬಿಡು’. ತಮಿಳಿನ ವಿಡುದಿ, ತೆಲುಗಿನ ವಿಡಿದಿ, ನಮ್ಮದೇ ಬಿಡದಿ ಎಲ್ಲವೂ ಬಂದವರು ಇಳಿದುಕೊಳ್ಳುವ ಜಾಗಗಳೇ, ಒಂದೇ ಬಳ್ಳಿಯವು. ಬೀಡು ಬಿಡುವುದೂ ಬಿಡುವುದೇ, ಊರು ಬಿಡುವುದೂ ಬಿಡುವುದೇ. ಇಳಿದುಕೊಳ್ಳುವುದು ಮತ್ತು ಹೊರಟುಹೋಗುವುದು ಎರಡಕ್ಕೂ ಒಂದೇ ಧಾತು ಸಾಕಾಗಿರುವ ಇನ್ನೊಂದು ಪದ ನನಗೆ ಕಂಡಿಲ್ಲ. ಜೊತೆಗೆ ಕಲೆಯ ನಂಟೂ ಹೊಸದಲ್ಲ. ಯಕ್ಷಗಾನ ಮೇಳದವರು ಹಗಲು ತಂಗುವ ಜಾಗ ಬಿಡಾರವೇ. ಸಂಗೀತಗಾರ ಬಿಡಾರಂ ಕೃಷ್ಣಪ್ಪನವರ ಹೆಸರಿನಲ್ಲೇ ಈ ಪದ ಕುಳಿತಿದೆ.

ಆಕ್ಷೇಪಗಳೂ ಬಂದಿವೆ. ಬಿಡಾರ ಎಂದರೆ ತಗಡಿನ ಮಾಡು, ಕೂಲಿಯವರ ಗುಡಿಸಲು, ಅರ್ಜಿ ಹಾಕುವವರಿಗೆ ಅದು ಹಗುರವಾಗಿ ಕೇಳಿಸುತ್ತದೆ ಎನ್ನುತ್ತಾರೆ. ಈ ಮಾತು ನನಗೆ ಅಷ್ಟಾಗಿ ಹಿಡಿಸಲಿಲ್ಲ. ದುಡಿಯಲು ಬಂದವರು ತಂಗುವ ಜಾಗ ಎಂಬ ಅರ್ಥ ಇಲ್ಲಿ ಹೊಂದುತ್ತದೆಯೇ ಹೊರತು ಕುಂದಲ್ಲ. ನಿಜವಾದ ತೊಡಕು ವ್ಯಾಕರಣದ್ದು. ಜಾಗಕ್ಕೆ ಬಿಡಾರ ಸರಿ, ಅವಧಿಗೂ ‘ಎಂಟು ವಾರದ ಬಿಡಾರ’ ಎನ್ನಬಹುದು. ಆದರೆ ವ್ಯಕ್ತಿಗೆ? ‘ಬಿಡಾರದ ಕಲಾವಿದೆ’ ಎಂದು ಬರೆದುನೋಡಿದೆ, ಪರವಾಗಿಲ್ಲ ಅನ್ನಿಸಿತು. ‘ಬಿಡಾರಿ’ ಎಂದು ಟಂಕಿಸಿದರೆ ಬಿಡಾಡಿ ಎಂದು ಓದುವವರೇ ಹೆಚ್ಚು.

ಇದರ ಜೊತೆಗೆ ಅಂಟಿಕೊಂಡು ಬಂದ ಮೂರು ಪದಗಳ ಬಗೆಗೂ ಅಭಿಪ್ರಾಯ ಬೇಕು.

‘ಹೆರಿಟೇಜ್ ಸೈಟ್’ಗೆ ‘ಪಾರಂಪರಿಕ ತಾಣ’ ಪತ್ರಿಕೆಗಳಲ್ಲಿ ರೂಢಿಯಾಗಿದೆ. ಆದರೆ ‘ಪಾರಂಪರಿಕ ತಾಣ ಕಲಾವಿದರು’ ಎಂದೊಡನೆ ಕಲಾವಿದರೇ ಪಾರಂಪರಿಕರಾಗಿಬಿಡುತ್ತಾರೆ, ಪಾರಂಪರಿಕ ವೈದ್ಯರಂತೆ. ಹಾಗಾಗಿ ‘ಪರಂಪರೆಯ ತಾಣ’ ಎಂದು ಬಿಡಿಸಿ ಬರೆದಿದ್ದೇನೆ. ಪರಂಪರೆ ಎಂದರೆ ಒಂದರ ನಂತರ ಒಂದು ಬರುವ ಸಾಲು, ಅದರಲ್ಲಿ ಆಸ್ತಿಯ ಅರ್ಥವಿಲ್ಲ. ಯುನೆಸ್ಕೊದ 1972ರ ವಿಶ್ವ ಪರಂಪರೆಯ ಒಪ್ಪಂದದ ಫ್ರೆಂಚ್ ಪಾಠದಲ್ಲಿ ಇದೇ ಜಾಗದಲ್ಲಿರುವ ‘ಪಾತ್ರಿಮ್ವಾನ್’ಗೆ ಮೂಲದಲ್ಲಿ ತಂದೆಯಿಂದ ಬಂದ ಸ್ವತ್ತು ಎಂಬ ಅರ್ಥ. ಅಂದರೆ ನಮ್ಮ ‘ಪಿತ್ರಾರ್ಜಿತ’. ವಿಶ್ವ ಪಿತ್ರಾರ್ಜಿತ ತಾಣ ಎಂದು ಬರೆದಿದ್ದರೆ ಈ ವೇಳೆಗೆ ಭಾಗದ ದಾವೆ ಹೂಡುತ್ತಿದ್ದೆವು.

‘ಸ್ಥಳವನ್ನು ಅನ್ವೇಷಿಸುವುದು’ ನನಗೆ ಸೇರುವುದಿಲ್ಲ. ಸ್ಥಳ ಪರಿಶೀಲನೆ ಅಧಿಕಾರಿಗಳದು, ಸ್ಥಳ ಮಹಜರು ಪೊಲೀಸರದು, ಅನ್ವೇಷಣೆ ಹಡಗು ಹತ್ತಿದವರದು. ಸದ್ಯಕ್ಕೆ ‘ಸ್ಥಳದ ಒಡನಾಟ’ ಎಂದು ಹಾಕಿದ್ದೇನೆ.

‘ಸಾಂಸ್ಕೃತಿಕ ವಿನಿಮಯ’ ಇನ್ನೂ ತಕರಾರಿನದು. ವಿನಿಮಯ ಎಂದರೆ ದರ ನೆನಪಾಗುತ್ತದೆ, ಉದ್ಯೋಗ ವಿನಿಮಯ ಕೇಂದ್ರ ನೆನಪಾಗುತ್ತದೆ. ರೋಮ್‌ನ ಆ ಫ್ರೆಂಚ್ ಅಕಾಡೆಮಿಯ ಆರಂಭದ ಕಾಲದಲ್ಲಿ ಅಲ್ಲಿನ ಕಲಾವಿದರ ಕೆಲಸವೆಂದರೆ ರೋಮ್‌ನ ಪುರಾತನ ಶಿಲ್ಪಗಳನ್ನೂ ಚಿತ್ರಗಳನ್ನೂ ನಕಲು ಮಾಡಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಕಳುಹಿಸುವುದಾಗಿತ್ತು. ಅದು ಬರೀ ಕೊಳ್ಳುವುದು. ಕೊಡುವುದೂ ಇರಬೇಕಾದರೆ ‘ಕೊಡುಕೊಳ್ಳುವಿಕೆ’ ಎನ್ನಬೇಕು. ಅದು ಶೀರ್ಷಿಕೆಗೆ ಉದ್ದ. ‘ಕೊಳುಕೊಡೆ’ ಎಂದರೆ ಇಂದಿನ ಓದುಗರಿಗೆ ತಿಳಿಯುತ್ತದೆಯೇ, ಅಥವಾ ಹೆಣ್ಣು ಕೊಟ್ಟು ತರುವ ಮಾತೆಂದು ತಿಳಿದಾರೇ?

ನಿಮ್ಮ ಕಡೆ ಬಿಡಾರ ಎಂಬ ಪದಕ್ಕೆ ಯಾವ ಛಾಯೆ ಇದೆ, ಮನೆಯವರನ್ನು ಬಿಟ್ಟು ಒಬ್ಬರೇ ಇರುವುದಕ್ಕೂ ಬಳಸುತ್ತೀರಾ, ಸಂಸಾರ ಸಮೇತ ಇಳಿದುಕೊಂಡರೆ ಮಾತ್ರವೇ ಎಂಬುದನ್ನು ದಯವಿಟ್ಟು ತಿಳಿಸಿ. ವಿನ್ಯಾಸ ಮಾಡುವವರು ಶೀರ್ಷಿಕೆಗೆ ಒಂದೇ ಸಾಲು ಕೊಟ್ಟಿದ್ದಾರೆ. ‘ಪರಂಪರೆಯ ತಾಣದಲ್ಲಿ ಕಲಾವಿದರ ವಾಸ್ತವ್ಯ ಕಾರ್ಯಕ್ರಮ’ ಅದರಲ್ಲಿ ಹಿಡಿಸುವುದಿಲ್ಲ. ‘ಕೋಟೆಯಲ್ಲಿ ಬಿಡಾರ’ ಎಂದು ಪೆನ್ಸಿಲಿನಲ್ಲಿ ಬರೆದು ಇಟ್ಟಿದ್ದೇನೆ, ಎರಡೂ ಬದಿಗೆ ಜಾಗ ಉಳಿಯುತ್ತದೆ.