ಲ್ಯಾಂಡ್‌ಸ್ಕೇಪ್‌ಗೆ ‘ನಾಡಚಿತ್ರ’ ಅನ್ನಬಹುದಾ?

ಗೆಳೆಯರೇ,

ರೊಮೇನಿಯಾದ ಚಿತ್ರಕಾರರ ಬಗ್ಗೆ ಸಣ್ಣದೊಂದು ಲೇಖನ ಬರೆಯಲು ಕೂತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. ಲ್ಯಾಂಡ್‌ಸ್ಕೇಪ್‌ಗೆ ಏನು ಬರೆಯಲಿ?

‘ಭೂದೃಶ್ಯ’ ಅಂತ ಬರೆದು ಅಳಿಸಿದೆ, ಸರ್ವೆ ನಕ್ಷೆಯ ವಾಸನೆ ಬರುತ್ತದೆ. ‘ನಿಸರ್ಗಚಿತ್ರ’ ಪರವಾಗಿಲ್ಲ, ಆದರೆ ಅದರಲ್ಲಿ ಮನುಷ್ಯರಿಗೆ ಜಾಗ ಕಡಿಮೆ. ಇನ್ನು ಶಾಲೆಯಲ್ಲಿ ನಾವೆಲ್ಲ ಅಂದಿದ್ದು ‘ಸೀನರಿ’: ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ಹೆಂಚಿನ ಮನೆ. ಸುಮ್ನೆ ಅದನ್ನೇ ಹಾಕಿಬಿಡೋಣ ಅಂತಲೂ ಅನಿಸಿತ್ತು.

ನನ್ನ ತಲೆಯಲ್ಲಿರುವುದು ನಿಕೊಲಾಯೆ ಗ್ರಿಗೊರೆಸ್ಕು (1838–1907). ಹುಡುಗನಾಗಿದ್ದಾಗಲೇ ದೇವರ ಪಟ ಬರೆದು ಮಾರುತ್ತಿದ್ದವನು, 1861ರಲ್ಲಿ ಪ್ಯಾರಿಸ್ಸಿಗೆ ಹೋದ, ಅಲ್ಲಿಂದ ಫೊಂಟೆನ್‌ಬ್ಲೋ ಕಾಡಿನಂಚಿನ ಬಾರ್ಬಿಜೋನ್ ಹಳ್ಳಿಗೆ, ಹೊರಗಡೆ ಕೂತು ಚಿತ್ರ ಬರೆಯುವವರ ಜೊತೆಗೆ. ಊರಿಗೆ ಮರಳಿದ ಮೇಲೆ ಎತ್ತಿನ ಗಾಡಿಯನ್ನು ಎಷ್ಟು ಸಲ ಬರೆದ ಅಂದರೆ ಆ ಗಾಡಿಯೇ ಅವನ ಗುರುತಾಯಿತು. ಬಿಳಿ ಎತ್ತುಗಳು, ಧೂಳಿನ ದಾರಿ, ಮೇಲೆ ಅಗಲವಾದ ಆಕಾಶ. ಕೊನೆಗಾಲದ ಚಿತ್ರಗಳಲ್ಲಿ ಬಣ್ಣ ತೆಳುವಾಗುತ್ತಾ ಹೋಗಿ ದಾರಿ, ಧೂಳು, ಎತ್ತು ಎಲ್ಲ ಒಂದೇ ಬೆಳ್ಳಗಿನ ಬೆಳಕಲ್ಲಿ ಸೇರಿಕೊಳ್ಳುತ್ತವೆ. ಇದು ಬರೀ ನಿಸರ್ಗ ಅಲ್ಲ ಅಲ್ವಾ?

ರೊಮೇನಿಯನ್ನಿನಲ್ಲಿ ಇದಕ್ಕೆ ‘ಪೆಯ್ಸಾಜ್’ ಅಂತಾರೆ. ಫ್ರೆಂಚಿನಿಂದ ಬಂದ ಪದ, ಒಳಗೆ ‘ಪೇಯಿ’ ಇದೆ. ಪೇಯಿ ಅಂದರೆ ದೇಶವೂ ಹೌದು, ಸೀಮೆಯೂ ಹೌದು. ನಮ್ಮ ‘ನಾಡು’ ಥೇಟ್ ಹಾಗೇ. ಕನ್ನಡ ನಾಡು ಅಂತೀವಿ, ಕೊಡಗಿನಲ್ಲಿ ಕೆಲವು ಊರು ಸೇರಿದರೂ ನಾಡೇ. ಹಾಗಾಗಿ ‘ನಾಡಚಿತ್ರ’ ಹೊಳೆಯಿತು.

ತಕರಾರು ನಾನೇ ಹೇಳಿಬಿಡುತ್ತೇನೆ. ಇಯೊನ್ ಆಂದ್ರೆಯೆಸ್ಕು ಅಂತ ಇನ್ನೊಬ್ಬ, ಬುಝೌ ಊರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಅವನೂ ಬಾರ್ಬಿಜೋನಿಗೆ ಹೋದ, ಕ್ಷಯದಿಂದ 1882ರಲ್ಲಿ, 32 ವರ್ಷಕ್ಕೇ ತೀರಿಕೊಂಡ. ಅವನು ಬರೆದದ್ದರಲ್ಲಿ ಬೀಚ್ ಮರಗಳ ಕಾಡು, ಎಲೆ ಉದುರಿದ ಕಾಡು ಇವೆಲ್ಲ ಇವೆ. (ನನಗೆ ಗ್ರಿಗೊರೆಸ್ಕುಗಿಂತ ಇವನೇ ಇಷ್ಟ.) ನಮ್ಮಲ್ಲಿ ಕಾಡಿಗೆ ಎದುರು ನಾಡು, ಹಾಗಿರುವಾಗ ಕಾಡನ್ನು ಬರೆದರೆ ಅದು ನಾಡಚಿತ್ರ ಹೇಗಾದೀತು?

ಇನ್ನೊಂದು, ನಾಡಗೀತೆ, ನಾಡಹಬ್ಬ ಕೇಳಿದ ಕಿವಿಗೆ ನಾಡಚಿತ್ರ ಅಂದರೆ ಬಾವುಟ ಕಾಣುತ್ತದೆ. ಗ್ರಿಗೊರೆಸ್ಕುವಿನ ಗಾಡಿಗೆ ಅದು ಒಪ್ಪೀತು. ಬಾಲ್ಚಿಕ್‌ಗೆ? ಕಪ್ಪು ಸಮುದ್ರದ ದಡದ ಆ ಊರು 1913ರಲ್ಲಿ ರೊಮೇನಿಯಾಕ್ಕೆ ಸೇರಿತು, 1940ರಲ್ಲಿ ಬಲ್ಗೇರಿಯಾಕ್ಕೆ ವಾಪಸ್ಸಾಯಿತು. ನಡುವಿನ ವರ್ಷಗಳಲ್ಲಿ ತೊನಿತ್ಸಾ ಮತ್ತಿತರ ರೊಮೇನಿಯಾದ ಚಿತ್ರಕಾರರು ಬೇಸಗೆಯಲ್ಲಿ ಅಲ್ಲಿಗೆ ಹೋಗಿ ಬಿಳಿ ಬಂಡೆ, ಕಡಲು, ತುರ್ಕರ ಮನೆ ಎಲ್ಲ ಬರೆದರು. ಅದು ಯಾರ ನಾಡಿನ ಚಿತ್ರ ಅನ್ನಲಿ?

ಜೊತೆಗೆ ಇನ್ನೊಂದು ಪದ ಬೇಕು, ಹೊರಗೆ ಕೂತು ಬರೆಯುವ ‘ಪ್ಲೆನ್ ಏರ್’ ಪದ್ಧತಿಗೆ. ಬಯಲಾಟ ಇದೆಯಲ್ಲ, ‘ಬಯಲು ಚಿತ್ರಣ’ ಅಂದರೆ ಆದೀತಾ? ನಮ್ಮ ಕಡೆ ‘ಬಯಲಿಗೆ ಹೋಗಿದ್ದಾನೆ’ ಅಂದರೆ ಚೊಂಬು ಹಿಡಿದು ಹೋಗಿದ್ದಾನೆ ಅಂತ ಅರ್ಥ, ಅದೊಂದು ಭಯ. ಕರಾವಳಿಯವರಿಗೆ ‘ಬೈಲು’ ಅಂದರೆ ಗದ್ದೆ. ನೀವು ಏನು ಬಳಸುತ್ತೀರಿ, ನಿಮ್ಮ ಊರಿನ ಹೆಸರನ್ನೂ ಸೇರಿಸಿ ತಿಳಿಸಿ.